ಬಾಣಂತನಕ್ಕೆ ಟೋಕಿಯೋಗೆ ಹೊರಟಿದ್ದೇನೆ, ಭೂಕಂಪ ಆದರೆ ಕೂಸನ್ನು ಹಿಡಿದುಕೊಂಡು ಏನು ಮಾಡಲಿ?

ಕಾಫಿತೋಟದಮ್ಮ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು, ಅಳಿಯ ಟೋಕಿಯೋದ ನಿಶಿ ಕಸಾಯಿಯಲ್ಲಿ ಇದ್ದಾರೆ. ಒಂಬತ್ತನೇ ಮಹಡಿಯಲ್ಲಿ ಮನೆ. ಅಕ್ಟೋಬರ್ ಮೊದಲ ವಾರಕ್ಕೆ ಹೆರಿಗೆ ಅಂದಿದ್ದಾರೆ. ನಾನು ಸೆಪ್ಟೆಂಬರ್ ಕೊನೆಗೆ ಹೊರಡುತ್ತೇನೆ. ವೀಸಾ 90 ದಿನಕ್ಕೆ ಸಿಕ್ಕಿದೆ, ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ ವಾಪಸ್ ಬರಬೇಕು.

ಹೋದ ವಾರ ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗ ಅವಳ ಹಿಂದೆ ತೂಗುಹಾಕಿದ್ದ ದೀಪ ಅಲುಗಾಡತೊಡಗಿತು. "ಅಮ್ಮ, ಒಂದು ನಿಮಿಷ" ಅಂದವಳು ಮೇಜಿನ ಕೆಳಗೆ ಹೋಗಿ ಕೂತಳು. ತುಂಬು ಬಸುರಿ. ಅರ್ಧ ನಿಮಿಷ ಆದ ಮೇಲೆ ಎದ್ದು ಬಂದು, ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಲಿ ಅಂತ ಕೇಳಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಳಿಯ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಮನೆಯಲ್ಲಿ ನಾನು, ಹಸಿ ಬಾಣಂತಿ, ಕೂಸು ಅಷ್ಟೇ. ನನಗೆ ಅಲ್ಲಿಯ ಭಾಷೆ ಒಂದಕ್ಷರವೂ ಬರುವುದಿಲ್ಲ. ಭೂಕಂಪ ಅಂದರೆ ನನಗೆ ಗೊತ್ತಿರುವುದು ಒಂದೇ, ಹೊರಗೆ ಓಡುವುದು. 2022ರ ಜೂನ್‌ನಲ್ಲಿ ಹೊಳೆನರಸೀಪುರ, ಅರಕಲಗೂಡು ಕಡೆ ಬೆಳಗಿನ ಜಾವ ನೆಲ ನಡುಗಿತ್ತಲ್ವಾ, ಆಗ ಅರಕಲಗೂಡಿನಲ್ಲಿರುವ ನನ್ನ ತಂಗಿ ಮನೆಯವರೆಲ್ಲ ಅಂಗಳಕ್ಕೆ ಓಡಿದ್ದರು. ಒಂಬತ್ತನೇ ಮಹಡಿಯಿಂದ ಎಲ್ಲಿಗೆ ಓಡುವುದು? ಮಗಳನ್ನು ಕೇಳಿದರೆ "ಏನೂ ಆಗಲ್ಲ ಬಿಡಮ್ಮ" ಅಂತಾಳೆ. ನನಗೆ ಸಮಾಧಾನದ ಮಾತು ಬೇಡ. ಏನು ಮಾಡಬೇಕು ಅಂತ ಗೊತ್ತಿರುವವರು ದಯವಿಟ್ಟು ಹೇಳಿ.


ಹೇಮಾವತಿ ತೀರ, ಹಾಸನ

ಅಮ್ಮ, ನಾನು 2009ರಿಂದ ಎಂಟು ವರ್ಷ ಟೋಕಿಯೋದಲ್ಲಿ ಕೆಲಸ ಮಾಡಿದವನು. 2011ರ ಮಾರ್ಚ್ 11ರಂದು ಮಧ್ಯಾಹ್ನ 2.46ಕ್ಕೆ ಆಫೀಸಿನ ಆರನೇ ಮಹಡಿಯಲ್ಲಿದ್ದೆ. ನೀವು ಹೇಳಿದ್ದನ್ನೇ ನಾನೂ ಮಾಡಿದೆ, ಎದ್ದು ಮೆಟ್ಟಿಲ ಕಡೆ ಓಡಿದೆ. ಪಕ್ಕದಲ್ಲಿ ಕೂರುತ್ತಿದ್ದ ಜಪಾನಿ ಹೆಂಗಸು ನನ್ನ ಅಂಗಿ ಹಿಡಿದೆಳೆದು ಮೇಜಿನ ಕೆಳಗೆ ತಳ್ಳಿದರು. ಅಲುಗಾಟ ನಿಲ್ಲಲೇ ಇಲ್ಲ, ನಿಮಿಷಗಟ್ಟಲೆ ನಡೆಯಿತು. ಮೇಜಿನ ಕಾಲು ಹಿಡಿದುಕೊಂಡು ಕೂತಿದ್ದೆ.

ಅದಕ್ಕೆ ಮೊದಲು ಹೇಳುವುದು ಇದು: ಓಡಬೇಡಿ. ನಮ್ಮ ಕಡೆ ಹಂಚಿನ ಮನೆ, ಎರಡು ಹೆಜ್ಜೆಗೆ ಅಂಗಳ, ಓಡುವುದು ಸರಿಯೇ. ಅಲ್ಲಿ ಕಟ್ಟಡವೇ ನಿಮ್ಮನ್ನು ಕಾಪಾಡುವುದು. ಅಲ್ಲಿ 1981ರ ಜೂನ್‌ನಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿದರು, ದೊಡ್ಡ ಭೂಕಂಪಕ್ಕೂ ಕುಸಿದು ಬೀಳಬಾರದು ಅನ್ನುವ ಲೆಕ್ಕ. ಮಗಳ ಕಟ್ಟಡ ಯಾವ ವರ್ಷದ್ದು ಅಂತ ಕೇಳಿ. ಬಾಡಿಗೆ ಕಾಗದದಲ್ಲೇ ಇರುತ್ತದೆ. ಅದರ ನಂತರದ್ದಾದರೆ ಭಯ ಕಟ್ಟಡದ್ದಲ್ಲ, ಒಳಗಿನ ಸಾಮಾನಿನದು. ಬೀರು, ಪುಸ್ತಕದ ಕಪಾಟು, ಟೀವಿ, ಫ್ರಿಜ್. ಕೋಬೆಯಲ್ಲಿ 1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ಜನ ಮಲಗಿದ್ದಾಗಲೇ ಭೂಕಂಪ ಆಯಿತು, 6,400ಕ್ಕೂ ಜಾಸ್ತಿ ಜನ ಹೋದರು. ಹೆಚ್ಚಿನವರು ಸತ್ತಿದ್ದು ಹಳೇ ಮನೆಗಳ ಅಡಿ, ಬಿದ್ದ ಸಾಮಾನಿನ ಅಡಿ ಸಿಕ್ಕಿ. ಹಾಗಾಗಿ ಎತ್ತರದ ಸಾಮಾನನ್ನೆಲ್ಲ ಗೋಡೆಗೆ ಕಟ್ಟಿಸಿ. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ ಅಂದರೆ ಬೀರುವಿಗೂ ಸೂರಿಗೂ ನಡುವೆ ಬಿಗಿಯಾಗಿ ಕೂರಿಸುವ ಕಂಬಿ ಸಿಗುತ್ತದೆ, ಟೀವಿ ಕೆಳಗೆ ಹಾಕುವ ಅಂಟಿನ ಮೆತ್ತೆ ಸಿಗುತ್ತದೆ. ನೀವು ಹೋಗುವ ಮುಂಚೆಯೇ ಅಳಿಯ ಇದನ್ನು ಮಾಡಿ ಮುಗಿಸಲಿ. ದೇವರ ಪಟಕ್ಕೆ ಗಾಜಿದ್ದರೆ ಮಲಗುವ ಕಡೆ ಹಾಕಬೇಡಿ.

ಅಲುಗಾಟ ಶುರುವಾಗುವ ಕೆಲವು ಸೆಕೆಂಡು ಮುಂಚೆ ಫೋನ್ ಕಿರುಚಬಹುದು. "ಜಿಶಿನ್ ದೆಸು" ಅಂತ ಹೇಳುತ್ತದೆ, ಭೂಕಂಪ ಅಂತ ಅರ್ಥ. ಭೂಮಿಯೊಳಗೆ ಮೊದಲು ಬೇಗ ಓಡುವ ಸಣ್ಣ ಅಲೆ ಬರುತ್ತದೆ, ಆಮೇಲೆ ನಿಧಾನವಾಗಿ ದೊಡ್ಡದು. ಮೊದಲಿನದನ್ನು ಯಂತ್ರ ಹಿಡಿದು ಎಲ್ಲರಿಗೂ ತಿಳಿಸುತ್ತದೆ. ಭೂಕಂಪದ ಕೇಂದ್ರ ತೀರಾ ಹತ್ತಿರ ಇದ್ದರೆ ಅಷ್ಟು ಸಮಯವೂ ಸಿಗುವುದಿಲ್ಲ. ಆ ಸದ್ದನ್ನು ಈಗಲೇ ಮಗಳ ಹತ್ತಿರ ಕೇಳಿಸಿಕೊಳ್ಳಿ, ನಿದ್ದೆಗಣ್ಣಲ್ಲೂ ಗುರುತು ಸಿಗಬೇಕು. ಕೇಳಿದ ಕೂಡಲೇ ಕೂಸನ್ನು ಎದೆಗೆ ಅವಚಿಕೊಂಡು ಮೇಜಿನ ಕೆಳಗೆ. ನಿಂತ ಮೇಲೆ ಚಪ್ಪಲಿ ಹಾಕಿಕೊಂಡು ಹೋಗಿ ಮುಂಬಾಗಿಲು ತೆರೆದಿಡಿ, ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆರೆಯಲು ಬರುವುದಿಲ್ಲ. ಲಿಫ್ಟ್ ಹತ್ತಲೇಬೇಡಿ.

ಇನ್ನೊಂದು. ಒಂದು ಸಲ ಆಯಿತು, ಮುಗಿಯಿತು ಅಂತ ಅಂದುಕೊಳ್ಳಬೇಡಿ. ಕುಮಾಮೊಟೊದಲ್ಲಿ 2016ರ ಏಪ್ರಿಲ್ 14ರ ರಾತ್ರಿ ದೊಡ್ಡದೇ ಬಂತು. ಎಲ್ಲರೂ ಅದೇ ಮುಖ್ಯ ಭೂಕಂಪ ಅಂದುಕೊಂಡರು. 16ರ ನಡುರಾತ್ರಿ ದಾಟಿದ ಮೇಲೆ ಅದಕ್ಕಿಂತ ದೊಡ್ಡದು ಬಂತು. ಮನೆಗೆ ವಾಪಸ್ ಹೋಗಿ ಮಲಗಿದ್ದವರೂ ಸತ್ತರು. ಒಂದು ವಾರ ಹುಷಾರಾಗಿ ಇರಿ.


ಬಾಬಾಬುಡನ್ ಬೆಟ್ಟದ ಹೂವು, ಯೊಕೊಹಾಮಾ

ಅಕ್ಕ, ನನ್ನ ಊರು ಚಿಕ್ಕಮಗಳೂರು. ಎರಡೂ ಮಕ್ಕಳು ಇಲ್ಲೇ ಹುಟ್ಟಿದ್ದು, ಎರಡು ಸಲವೂ ನಮ್ಮಮ್ಮ ಬಂದಿದ್ದರು. ಅಣ್ಣ ಹೇಳಿದ್ದೆಲ್ಲ ಸರಿ. ಬಾಣಂತಿ ಇರುವ ಮನೆಯ ವಿಷಯ ನಾನು ಹೇಳುತ್ತೇನೆ.

ಅಳಿಯ ಆ ದಿನ ಮನೆಗೆ ಬರುತ್ತಾರೆ ಅಂತ ಲೆಕ್ಕ ಹಾಕಲೇಬೇಡಿ. 2011ರಲ್ಲಿ ರೈಲು ನಿಂತು ಲಕ್ಷಗಟ್ಟಲೆ ಜನ ರಸ್ತೆಗೆ ಬಂದರು, ಆಂಬುಲೆನ್ಸ್ ಹೋಗಲೂ ಜಾಗ ಇರಲಿಲ್ಲ. ಅದಾದ ಮೇಲೆ ಟೋಕಿಯೋ ಸರ್ಕಾರ 2013ರಿಂದ ಒಂದು ನಿಯಮ ತಂದಿದೆ. ಕೆಲಸಗಾರರನ್ನು ಕೂಡಲೇ ಮನೆಗೆ ಕಳಿಸಬೇಡಿ, ಮೂರು ದಿನಕ್ಕೆ ಆಗುವಷ್ಟು ನೀರು, ಊಟ ಆಫೀಸಿನಲ್ಲೇ ಇಟ್ಟುಕೊಳ್ಳಿ ಅಂತ ಕಂಪನಿಗಳಿಗೆ ಹೇಳಿದೆ. ಅಂದರೆ ನೀವು ಮೂರು ಜನ ಮೂರು ದಿನ ಒಂಬತ್ತನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ನಲ್ಲಿಯಲ್ಲಿ ನೀರು ಬರದಿರಬಹುದು, ಕರೆಂಟೂ ಇಲ್ಲದಿರಬಹುದು, ಹೀಗೆ ಯೋಚಿಸಿ ತಯಾರಾಗಿ. ಇದು ಹೆದರಿಸಲು ಹೇಳುತ್ತಿಲ್ಲ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಸೌದೆ, ಸಾಮಾನು ಕೂಡಿಡುವುದಿಲ್ವಾ, ಹಾಗೇ.

ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್. ಮೂರು ದಿನಕ್ಕೆ ಕಡಿಮೆ ಇರಲೇಬಾರದು, ವಾರಕ್ಕಿದ್ದರೆ ಒಳ್ಳೆಯದು. ಹಾಲು ಕುಡಿಸುವ ತಾಯಿಗೆ ಬಾಯಾರಿಕೆ ಜಾಸ್ತಿ, ಅವಳ ಲೆಕ್ಕ ಸ್ವಲ್ಪ ಹೆಚ್ಚೇ ಇರಲಿ. ಗಾಬರಿಗೆ ಎದೆಹಾಲು ಸ್ವಲ್ಪ ಹೊತ್ತು ಇಳಿಯದೆ ಹೋಗಬಹುದು. ಕುಡಿಸುತ್ತಾ ಇದ್ದರೆ ಮತ್ತೆ ಬರುತ್ತದೆ, ನೀವು ಧೈರ್ಯ ಹೇಳಿ. ಜೊತೆಗೆ, ಬೆರೆಸದೆ ಹಾಗೇ ಕುಡಿಸಬಹುದಾದ ದ್ರವದ ಶಿಶು ಹಾಲು 2019ರಿಂದ ಇಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಡಾಕ್ಟರನ್ನು ಕೇಳಿ ಒಂದಷ್ಟು ತಂದಿಡಿ, ಕುಡಿಸಲು ಬಳಸಿ ಬಿಸಾಡುವ ಲೋಟ ಕೂಡ.

ಊಟಕ್ಕೆ ಊರಿಂದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಗೊಜ್ಜಿನ ಪುಡಿ ತನ್ನಿ. ಒಲೆ ಬೇಡ, ತಣ್ಣೀರಲ್ಲೇ ಅವಲಕ್ಕಿ ನೆನೆಯುತ್ತದೆ. ಇಲ್ಲಿ ನೀರು ಹಾಕಿದರೆ ಅನ್ನವಾಗುವ ಒಣ ಅಕ್ಕಿ ಪೊಟ್ಟಣ ಸಿಗುತ್ತದೆ, ಬಿಸಿನೀರಿಗೆ ಕಾಲು ಗಂಟೆ, ತಣ್ಣೀರಿಗೆ ಒಂದು ಗಂಟೆ. ಆದರೆ ರುಚಿ ಹಾಕಿದ ಪೊಟ್ಟಣಗಳಲ್ಲಿ ಮೀನಿನ ಸಾರ ಇರಬಹುದು. ನೀವು ಸಸ್ಯಾಹಾರಿಯಾದರೆ ಬರೀ ಬಿಳಿ ಅನ್ನದ್ದು ಕೊಳ್ಳಿ.

ಕಕ್ಕಸಿನ ವಿಷಯ ಯಾರೂ ಹೇಳುವುದಿಲ್ಲ, ಕಷ್ಟ ಪಡುವುದು ಮಾತ್ರ ಅಲ್ಲೇ. ದೊಡ್ಡ ಭೂಕಂಪ ಆದ ಮೇಲೆ ಕಟ್ಟಡದ ಪೈಪ್ ಸರಿಯಿದೆ ಅಂತ ನೋಡುವವರೆಗೆ ಕಮೋಡಿಗೆ ನೀರು ಬಿಡಬಾರದು, ಕೆಳಗಿನ ಮನೆಗಳಿಗೆ ಸೋರುತ್ತದೆ. ಕಮೋಡಿಗೆ ಚೀಲ ಹಾಕಿ, ಗಟ್ಟಿಯಾಗಿಸುವ ಪುಡಿ ಉದುರಿಸಿ, ಕಟ್ಟಿ ಇಡುವ ಪೊಟ್ಟಣ ಸಿಗುತ್ತದೆ. ಒಬ್ಬರಿಗೆ ದಿನಕ್ಕೆ ಐದರಂತೆ ಲೆಕ್ಕ ಹಾಕಿ ತರಿಸಿ. ಹಸಿ ಬಾಣಂತಿಗೆ ಇದು ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಬೆಂಕಿ. ನಮ್ಮಮ್ಮ ದೊಡ್ಡ ಪಾತ್ರೆಯಲ್ಲಿ ಎರೆಯುವ ನೀರು ಕಾಯಿಸಲು ಹೊರಟಿದ್ದರು, ಬೇಡ ಅಂತ ನಿಲ್ಲಿಸಿದೆ. ಇಲ್ಲಿ ನಲ್ಲಿಯಲ್ಲೇ ಬೇಕಾದ ಬಿಸಿಯ ನೀರು ಬರುತ್ತದೆ. ಕೂಸಿಗೆ ಸಾಂಬ್ರಾಣಿ ಹೊಗೆ, ಕೆಂಡ ಎರಡೂ ಬೇಡ. 1923ರ ಸೆಪ್ಟೆಂಬರ್ 1ರಂದು ಟೋಕಿಯೋ, ಯೊಕೊಹಾಮಾ ನಾಶವಾಗಿದ್ದು ಹೊತ್ತು ನೆತ್ತಿಗೇರಿದಾಗ, ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿದ್ದ ಹೊತ್ತು. ಲಕ್ಷಕ್ಕೂ ಜಾಸ್ತಿ ಜನ ಸತ್ತರು, ಹೆಚ್ಚಿನವರು ಬೆಂಕಿಗೆ. ಒಲೆ ಮೇಲೆ ಎಣ್ಣೆ ಇದ್ದಾಗ ಅಲುಗಾಡಿದರೆ ಒಲೆ ಕಡೆ ಓಡಬೇಡಿ, ದೂರ ಸರಿಯಿರಿ. ಜೋರಾದ ಭೂಕಂಪಕ್ಕೆ ಗ್ಯಾಸ್ ಮೀಟರ್ ತಾನಾಗೇ ನಿಲ್ಲಿಸುತ್ತದೆ. ನಿಂತ ಮೇಲೆ ಹೋಗಿ ಆರಿಸಿ. ಮನೆ ಬಿಟ್ಟು ಹೋಗುವ ಹಾಗಾದರೆ ಕರೆಂಟಿನ ಮುಖ್ಯ ಸ್ವಿಚ್ ಇಳಿಸಿ ಹೋಗಿ. ಕೋಬೆಯಲ್ಲಿ ಕರೆಂಟ್ ವಾಪಸ್ ಬಂದಾಗ ಹತ್ತಿದ ಬೆಂಕಿಗಳೇ ಬೇಕಾದಷ್ಟು.

ಹೊರಗೆ ಹೋಗಲೇಬೇಕಾದರೆ ಕೂಸಿನ ತಳ್ಳುಗಾಡಿ ಬೇಡ, ರಸ್ತೆ ಒಡೆದಿರುತ್ತದೆ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ಸದಾ ಬಾಗಿಲ ಹತ್ತಿರ ಇರಲಿ. ನಿಶಿ ಕಸಾಯಿ ತಗ್ಗು ಜಾಗ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂಡಮಾರುತವೂ ಇರುತ್ತದೆ. ನೆರೆಗೆ ಹೋಗಬೇಕಾದ ಜಾಗ ಬೇರೆ, ಭೂಕಂಪಕ್ಕೆ ಬೇರೆ ಇರಬಹುದು. ವಾರ್ಡ್ ಕಚೇರಿಯ ನಕ್ಷೆಯಲ್ಲಿ ಎರಡನ್ನೂ ನೋಡಿ, ಹೋದ ಮೊದಲ ವಾರವೇ ಮಗಳ ಜೊತೆ ನಡೆದು ಬನ್ನಿ.


ಅಯ್ಯನಕೆರೆ, ಚಿಕ್ಕಮಗಳೂರು

ಅಮ್ಮನವರಿಗೆ ಹೇಳುವವರು ಹೇಳಿದ್ದಾರೆ. ನಾನು ಊರಲ್ಲಿ ಉಳಿಯುವವರ ಪರವಾಗಿ ಬರೆಯುತ್ತಿದ್ದೇನೆ. ನನ್ನ ಮಗ ಸೆಂಡಾಯಿಯಲ್ಲಿ ಇದ್ದಾನೆ. ಟೀವಿಯಲ್ಲಿ ಜಪಾನ್ ಭೂಕಂಪ ಅಂತ ಬಂದ ಕೂಡಲೇ ನಮ್ಮ ಮನೆಯಲ್ಲಿ ಐದು ಫೋನಿನಿಂದ ಅವನಿಗೆ ಕರೆ ಹೋಗುತ್ತಿತ್ತು. 2024ರ ಜನವರಿ 1ರಂದು ನೋಟೊದಲ್ಲಿ ಆದಾಗ ಅವನಿದ್ದ ಊರಿಗೂ ಅದಕ್ಕೂ ದೂರ ಇತ್ತು, ಆದರೂ ಹೊಸ ವರ್ಷದ ದಿನ ಮಧ್ಯಾಹ್ನವೆಲ್ಲ ಉಸಿರು ಹಿಡಿದುಕೊಂಡು ಕೂತಿದ್ದೆವು. ಆಮೇಲೆ ಅವನೇ ತಿಳಿಸಿ ಹೇಳಿದ. ದೊಡ್ಡ ಭೂಕಂಪ ಆದಾಗ ಧ್ವನಿ ಕರೆ ಹೋಗುವುದೇ ಇಲ್ಲ, ಸಣ್ಣ ಸಂದೇಶ ಹೋಗುವ ಸಾಧ್ಯತೆ ಜಾಸ್ತಿ. ಎಲ್ಲರೂ ಕರೆ ಮಾಡುತ್ತಿದ್ದರೆ ಅವರ ಬ್ಯಾಟರಿ ಖಾಲಿ.

ಈಗ ನಮ್ಮ ಒಪ್ಪಂದ ಹೀಗಿದೆ. ಅವನು ಒಬ್ಬರಿಗೆ ಒಂದೇ ಸಂದೇಶ ಹಾಕುತ್ತಾನೆ, ಆ ಒಬ್ಬರು ಎಲ್ಲರಿಗೂ ಹೇಳುತ್ತಾರೆ. ಆ ಒಬ್ಬರು ಯಾರು ಅಂತ ಯೋಚಿಸಿ ಆರಿಸಿ ಅಮ್ಮ. ಮೂಡಿಗೆರೆ ತೋಟದಲ್ಲಿ ಮಳೆ, ಗಾಳಿಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ನಿಮ್ಮ ಯಜಮಾನರು ಆ ಕೆಲಸಕ್ಕೆ ಆಗುವುದಿಲ್ಲ. ಪೇಟೆಯಲ್ಲಿರುವ ನೆಂಟರು ಯಾರಾದರೂ ಇರಲಿ.

ಟೀವಿಯಲ್ಲಿ ಹೇಳುವ ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡಿ. ಅದು ಭೂಕಂಪದ ಒಟ್ಟು ಬಲ. ಅವರಿರುವ ಊರಲ್ಲಿ ಎಷ್ಟು ಅಲುಗಾಡಿತು ಅನ್ನುವುದಕ್ಕೆ ಜಪಾನಿನಲ್ಲಿ ಬೇರೆ ಅಳತೆ ಇದೆ, ಶಿಂದೋ ಅನ್ನುತ್ತಾರೆ, ಸೊನ್ನೆಯಿಂದ 7ರವರೆಗೆ. 2011ರಲ್ಲಿ ಬಲ 9.0 ಇದ್ದರೂ ಟೋಕಿಯೋದ ನಡು ಭಾಗದಲ್ಲಿ ಶಿಂದೋ 5ರ ಮೇಲಿನ ಮಟ್ಟ. ಕೇಳಬೇಕಾದ ಅಂಕಿ ಅದು. ಮಗಳು, ಅಳಿಯ ಟೋಕಿಯೋದ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದಾರಾ ಅಂತಲೂ ಕೇಳಿ. ಮತ್ತೆ 171 ಅಂತ ಒಂದು ನಂಬರ್ ಇದೆ, ಅಲ್ಲಿ ಧ್ವನಿ ಬಿಟ್ಟರೆ ಇನ್ನೊಬ್ಬರು ಕೇಳಬಹುದು. ಪ್ರತಿ ತಿಂಗಳು 1 ಮತ್ತು 15ನೇ ತಾರೀಕು ಅಭ್ಯಾಸಕ್ಕೆ ತೆರೆದಿರುತ್ತದೆ. ಅಳಿಯನ ಜೊತೆ ಒಂದು ಸಲ ಮಾಡಿ ನೋಡಿ.


ಕಾಫಿತೋಟದಮ್ಮ, ಮೂಡಿಗೆರೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿಯೇ ಮಗಳ ಕೈಯಲ್ಲಿ ಮನೆಯೆಲ್ಲ ವಿಡಿಯೋದಲ್ಲಿ ತೋರಿಸಿಕೊಂಡೆ. ತೊಟ್ಟಿಲು ಇಡಬೇಕು ಅಂದುಕೊಂಡ ಜಾಗದ ಪಕ್ಕದಲ್ಲೇ ಎತ್ತರದ ಪುಸ್ತಕದ ಕಪಾಟಿತ್ತು. ಈ ಶನಿವಾರ ತೆಗೆಸುತ್ತಾರೆ. ಸುದ್ದಿ ಹೇಳುವ ಕೆಲಸ ಚಿಕ್ಕಮಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಒಪ್ಪಿಸಿದೆ.

ಸೀರೆ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಮೇಜಿನ ಕೆಳಗೆ ಹೋಗಲು ಇಲ್ಲೇ ಅಭ್ಯಾಸ ಮಾಡಿದೆ. ಮಂಡಿ ನೋವು, ಬಗ್ಗಿ ಕೂರುವಷ್ಟರಲ್ಲಿ ತುಂಬಾ ಹೊತ್ತಾಗುತ್ತದೆ. ಏನು ಮಾಡಲಿ? ಬಿಪಿ ಮಾತ್ರೆ ಮೂರು ತಿಂಗಳದ್ದು ಒಟ್ಟಿಗೆ ಒಯ್ಯುತ್ತೇನೆ, ಅದು ಸರಿಯಾ?


ಬಾಬಾಬುಡನ್ ಬೆಟ್ಟದ ಹೂವು, ಯೊಕೊಹಾಮಾ

ಮಾತ್ರೆ ಹಾಗೇ ತರಬೇಡಿ ಅಕ್ಕ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ತಿಂಗಳದ್ದು ಮಾತ್ರ ಹಾಗೇ ತರಬಹುದು. ಜಾಸ್ತಿಯಾದರೆ ಹೊರಡುವ ಮುಂಚೆ ಯುನ್ಯೂ ಕಾಕುನಿನ್‌ಶೋ ಅನ್ನುವ ಅನುಮತಿ ಪತ್ರ ತೆಗೆದುಕೊಳ್ಳಬೇಕು. ಅಳಿಯನಿಗೆ ಹೇಳಿ, ಈಗಲೇ ಅರ್ಜಿ ಹಾಕಲಿ. ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿ ಇರಲಿ.

ಮಂಡಿ ನೋವಿಗೆ ಮೇಜು ಬೇಡ. ಕಿಟಕಿಯಿಂದ ದೂರ, ಮೇಲೆ ಏನೂ ಇಲ್ಲದ ಒಳಗೋಡೆ ಪಕ್ಕ ಒಂದು ಗಟ್ಟಿ ಕುರ್ಚಿ ಇಟ್ಟು, ಅದರ ಮೇಲೆ ಸದಾ ಒಂದು ದಪ್ಪ ದಿಂಬು ಇರಲಿ. ಅಲ್ಲಿ ಕೂತು ಕೂಸನ್ನು ಮಡಿಲಲ್ಲಿ ಅವಚಿ ಮುಂದಕ್ಕೆ ಬಾಗಿ, ದಿಂಬು ನಿಮ್ಮ ತಲೆ, ಕತ್ತಿನ ಮೇಲೆ. ಕೂಸಿಗೆ ಉಸಿರಾಡಲು ಜಾಗ ಬಿಡಿ. ರಾತ್ರಿ ಹಾಸಿಗೆಯಲ್ಲಿದ್ದರೆ ಏಳಲೇಬೇಡಿ, ಅಲ್ಲೇ ದಿಂಬಿನಿಂದ ತಲೆ ಮುಚ್ಚಿಕೊಳ್ಳಿ. ಹಾಸಿಗೆ ಪಕ್ಕ ದಪ್ಪ ಅಟ್ಟೆಯ ಚಪ್ಪಲಿ, ಟಾರ್ಚು ಇಟ್ಟುಕೊಂಡು ಮಲಗಿ. ನೀವು ಬಂದ ಮೇಲೆ ಒಂದು ಭಾನುವಾರ ನಾನೇ ನಿಶಿ ಕಸಾಯಿಗೆ ಬಂದು ಕುರ್ಚಿ ಎಲ್ಲಿಡಬೇಕು ಅಂತ ನೋಡುತ್ತೇನೆ, ಊರಿಂದ ಬರುವಾಗ ಕಾಲು ಕೇಜಿ ಕಾಫಿ ಪುಡಿ ಜಾಸ್ತಿ ತನ್ನಿ.