ಅಪ್‌ಡೇಟ್: ಮಗಳ ಕ್ಯಾಲ್‌ಪ್ರೊಟೆಕ್ಟಿನ್ ಮರುಪರೀಕ್ಷೆಯ ವರದಿ

ಹೊಟ್ಟೆನೋವು, ಭೇದಿಯಿದ್ದ ಆರು ವರ್ಷದ ಮಗಳ ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಗ್ರಾಂಗೆ 210 ಮೈಕ್ರೋಗ್ರಾಂ ಬಂದಿದೆ, ಕೂಡಲೇ ಕೊಲೊನೋಸ್ಕೊಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಭಾಗ ನೋಡುವ ಪರೀಕ್ಷೆ) ಬೇಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು.

ತಜ್ಞರು ವಿವರಿಸಿದಂತೆ, ಕ್ಯಾಲ್‌ಪ್ರೊಟೆಕ್ಟಿನ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿರುವ ಪ್ರೋಟೀನು. ಕರುಳಿನಲ್ಲಿ ಉರಿಯೂತವಿದ್ದರೆ ಮಲದಲ್ಲಿ ಹೆಚ್ಚುತ್ತದೆಯಾದರೂ, ಅದಕ್ಕೆ ಕಾರಣ ಕ್ರೋನ್ಸ್ ಎಂಬ ದೀರ್ಘಕಾಲದ ಕರುಳಿನ ಕಾಯಿಲೆಯೋ, ಸಾಮಾನ್ಯ ಸೋಂಕೋ, ಐಬುಪ್ರೊಫೇನ್‌ನಂಥ ನೋವಿನ ಔಷಧವೋ ಎಂಬುದನ್ನು ಅದೊಂದೇ ಹೇಳಲಾರದು. ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಸಾಮಾನ್ಯವಾಗಿ 50ರೊಳಗಿನ ಅಂಕಿಯನ್ನು ಸಹಜವೆನ್ನುತ್ತಾರೆ. ಹಸುಗೂಸುಗಳಲ್ಲಿ ಆರೋಗ್ಯವಿದ್ದರೂ ಅದು ಬಹಳ ಹೆಚ್ಚಿರಬಹುದು. (ನಮ್ಮ ಲ್ಯಾಬ್ ವರದಿಯಲ್ಲಿ ವಯಸ್ಸಿನ ಈ ವ್ಯತ್ಯಾಸದ ಉಲ್ಲೇಖವೇ ಇರಲಿಲ್ಲ.)

ಮಗಳಿಗೆ ರಕ್ತಹೀನತೆ, ತೂಕನಷ್ಟ, ಮಲದಲ್ಲಿ ರಕ್ತ ಯಾವುದೂ ಇಲ್ಲದ್ದರಿಂದ, ವೈದ್ಯರ ಸಲಹೆಯಂತೆ ಜ್ವರಕ್ಕೆ ಕೊಡುತ್ತಿದ್ದ ಐಬುಪ್ರೊಫೇನ್ ನಿಲ್ಲಿಸಿ, ಕೆಲವು ವಾರಗಳ ನಂತರ ಮರುಪರೀಕ್ಷೆ ಮಾಡಿಸಿದೆವು: 38. ಕೊಲೊನೋಸ್ಕೊಪಿ ಸದ್ಯಕ್ಕೆ ಬೇಡವೆಂದಿದ್ದಾರೆ; ತೂಕ, ಎತ್ತರಗಳನ್ನು ಗಮನಿಸುತ್ತಿರಬೇಕು.