ಸಹಾಯ ಬೇಕು: ಮನಸ್ಸಿನ ಭಾರವನ್ನು ದೇವರಿಗೆ ಒಪ್ಪಿಸುವುದು ಹೇಗೆ?

ಎಲ್ಲರಿಗೂ ವಂದನೆಗಳು. ನಾನು ಸಾಗರದ ಬಳಿಯ ಹಳ್ಳಿಯವಳು. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅಣ್ಣನೊಡನೆ ಮಾತು ಬಿಟ್ಟು ಮೂರು ಮಳೆಗಾಲಗಳು ಕಳೆದಿವೆ. ರಾತ್ರಿ ಪ್ರಾರ್ಥನೆಯಲ್ಲಿ ಆ ನೋವನ್ನು ಕರ್ತನ ಪಾದದಲ್ಲಿಟ್ಟು ಏಳುತ್ತೇನೆ, ಆದರೆ ಬೆಳಗ್ಗೆ ಒಲೆ ಹಚ್ಚುವಷ್ಟರಲ್ಲಿ ಅದು ಮತ್ತೆ ನನ್ನ ಎದೆಯಲ್ಲಿರುತ್ತದೆ. ಚಿಂತಾಭಾರವನ್ನು ದೇವರ ಮೇಲೆ ಹಾಕಲು ಹೇಳುವ ಬೈಬಲಿನ 55ನೆಯ ಕೀರ್ತನೆಯನ್ನು ಇತ್ತೀಚೆಗೆ ಪೂರ್ತಿಯಾಗಿ ಓದಿದಾಗ (ಅಲ್ಲಿಯವರೆಗೆ 22ನೆಯ ವಚನವನ್ನಷ್ಟೇ ಬಾಯಿಪಾಠ ಮಾಡಿದ್ದೆ), ತನ್ನನ್ನು ನಿಂದಿಸಿದವನು ವೈರಿಯಲ್ಲ, ಆಪ್ತಮಿತ್ರನೇ ಎಂದು ಕೀರ್ತನೆಗಾರನು ಮೊದಲೇ ಗೋಳಿಟ್ಟಿರುವುದನ್ನು ಕಂಡು ಅತ್ತುಬಿಟ್ಟೆ. ನೋವನ್ನು ಮುಚ್ಚಿಡದೆ ಹೇಳಿಕೊಳ್ಳುವುದೂ ಒಪ್ಪಿಸುವುದರ ಭಾಗವೇ ಎಂದು ನನಗನ್ನಿಸುತ್ತದೆ. ಇಂಥ ಮುನಿಸನ್ನು ನಿಜವಾಗಿ ಬಿಟ್ಟುಕೊಟ್ಟವರು, ಯಾವ ವಾಕ್ಯಭಾಗವನ್ನು ಧ್ಯಾನಿಸಿದಿರಿ, ಮೊದಲ ಮಾತನ್ನು ಹೇಗೆ ಆಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಕ್ರಿಸ್‌ಮಸ್‌ಗೆ ಮುಂಚೆ ಅಣ್ಣನ ಮನೆಗೆ ಹೋಗಬೇಕೆಂದಿದ್ದೇನೆ.