ಮಗ ಕ್ಯಾಚರ್ ಆಗಿದ್ದಾನೆ, ಈ ಕೆಲಸದ ಬಗ್ಗೆ ತಿಳಿದವರು ಹೇಳಿ

ಹಾಸನದ ಅಮ್ಮ:
ನಮಸ್ಕಾರ. ನಾವು ಈಗ ಡಲ್ಲಾಸ್ ಹತ್ತಿರ ಇದ್ದೇವೆ. ಹನ್ನೊಂದು ವರ್ಷದ ಮಗ ಲಿಟಲ್ ಲೀಗ್ ಬೇಸ್‌ಬಾಲ್ ಆಡುತ್ತಾನೆ. ಈ ಸಲ ಕೋಚ್ ಅವನನ್ನು ಕ್ಯಾಚರ್ ಮಾಡಿದ್ದಾರೆ, ಅಂದರೆ ಬ್ಯಾಟ್ ಮಾಡುವವನ ಹಿಂದೆ ಕೂತು ಬಾಲ್ ಹಿಡಿಯುವವನು. ಅವನಿಗೆ ಖುಷಿಯೋ ಖುಷಿ, ನನಗೆ ಅವನ ಮಂಡಿಯದೇ ಚಿಂತೆ. ಆಟ ಪೂರ್ತಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ನಮ್ಮನೆಯವರು "ಕಿರ್ಮಾನಿ ಮಾಡ್ತಿದ್ದದ್ದೂ ಅದೇ ಅಲ್ವಾ, ಬಿಡು" ಅನ್ನುತ್ತಾರೆ. ನಿಜವಾಗಿ ಎರಡೂ ಒಂದೇನಾ? ದೊಡ್ಡ ಲೀಗ್‌ನಲ್ಲಿ ಕ್ಯಾಚರ್‌ಗಳು ಎಷ್ಟು ವರ್ಷ ತಾಳುತ್ತಾರೆ?

ದಾವಣಗೆರೆ ಕಾರ್ಡಿನಲ್:
ಮೇಡಂ, ನಾನು ದಾವಣಗೆರೆಯವನು. ಸೇಂಟ್ ಲೂಯಿಸ್‌ಗೆ ಬಂದು ಇಲ್ಲಿನ ಬೇಸ್‌ಬಾಲ್ ತಂಡ ಕಾರ್ಡಿನಲ್ಸ್ ಹುಚ್ಚು ಹತ್ತಿಸಿಕೊಂಡವನು. ಹಾಗಾಗಿ ನೀವು ಏನೇ ಕೇಳಿದರೂ ನಾನು ನಮ್ಮ ಕ್ಯಾಚರ್ ಆಗಿದ್ದ ಯಾಡಿಯರ್ ಮೊಲಿನಾ ಕತೆಯನ್ನೇ ಹೇಳುತ್ತೇನೆ. ಸಹಿಸಿಕೊಳ್ಳಿ.

ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. ವಿಕೆಟ್ ಕೀಪರ್ ಪ್ರತಿ ಎಸೆತಕ್ಕೂ ಬೌಲರ್‌ಗೆ "ಇದನ್ನೇ ಹಾಕು" ಅಂತ ಹೇಳುವುದಿಲ್ಲ. ಕ್ಯಾಚರ್ ಹೇಳುತ್ತಾನೆ. ತೊಡೆ ಸಂದಿಯಲ್ಲಿ ಬೆರಳು ತೋರಿಸುವುದು, ಒಂದು ಬೆರಳು ಅಂದರೆ ಸಾಮಾನ್ಯವಾಗಿ ಫಾಸ್ಟ್‌ಬಾಲ್, ವೇಗದ ಎಸೆತ. ಪಿಚರ್‌ಗೆ, ಅಂದರೆ ಬಾಲ್ ಎಸೆಯುವವನಿಗೆ, ಚೆನ್ನಾಗಿ ಕಾಣಲಿ ಅಂತ ಉಗುರಿಗೆ ಬಣ್ಣ ಹಚ್ಚಿಕೊಳ್ಳುವವರೂ ಇದ್ದರು. 2022ರಲ್ಲಿ ಪಿಚ್‌ಕಾಮ್ ಅನ್ನುವ ಸಾಧನ ಬಂತು. ಈಗ ಗುಂಡಿ ಒತ್ತಿದರೆ ಪಿಚರ್‌ಗೆ ಟೋಪಿಯೊಳಗೇ ಕೇಳಿಸುತ್ತದೆ.

ಇನ್ನು ಬೇಸ್ ಕದಿಯುವವರನ್ನು ಕಾಯಬೇಕು. ಫಸ್ಟ್ ಬೇಸ್‌ನಲ್ಲಿ ನಿಂತವನು ಕಣ್ಣು ತಪ್ಪಿಸಿ ಸೆಕೆಂಡ್‌ಗೆ ಓಡುತ್ತಾನೆ. ಕ್ಯಾಚರ್ ಬಾಲ್ ಹಿಡಿದು, ಎದ್ದು, ಸುಮಾರು 127 ಅಡಿ ಎಸೆಯಬೇಕು. ಬಾಲ್ ಕೈಗೆ ಬಂದಾಗಿನಿಂದ ಅಲ್ಲಿ ಮುಟ್ಟುವವರೆಗೆ ಎರಡೇ ಸೆಕೆಂಡ್ ಅಂತಿಟ್ಟುಕೊಳ್ಳಿ. ಮೊಲಿನಾ ಎದುರು ಓಡಿದವರಲ್ಲಿ ಹತ್ತಕ್ಕೆ ನಾಲ್ಕು ಜನ ಔಟ್. ಆದರೆ ನನ್ನ ಲೆಕ್ಕದಲ್ಲಿ ಅವನ ದೊಡ್ಡತನ ಇರುವುದು ಓಡದೇ ನಿಂತವರಲ್ಲಿ. ಅವನು ಕೂತಿದ್ದಾನೆ ಅಂದರೆ ಫಸ್ಟ್ ಬೇಸ್ ಬಿಟ್ಟು ಎರಡು ಹೆಜ್ಜೆ ಜಾಸ್ತಿ ಇಡುವುದಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಯಾಕಂದರೆ ಮಂಡಿಯೂರಿದಲ್ಲಿಂದಲೇ ಫಸ್ಟ್‌ಗೆ ಬೀಸುತ್ತಿದ್ದ. ಓಡದವನ ಹೆಸರು ಯಾವ ಅಂಕಿಅಂಶದಲ್ಲೂ ಸಿಗುವುದಿಲ್ಲ ನೋಡಿ.

ಮೊಲಿನಾ ಪೋರ್ಟೊ ರಿಕೊದ ಬಯಮೋನ್‌ನಲ್ಲಿ 1982ರಲ್ಲಿ ಹುಟ್ಟಿದವನು. ಅಣ್ಣಂದಿರಾದ ಬೆಂಜಿ, ಹೊಸೆ ಇಬ್ಬರೂ ಕ್ಯಾಚರ್‌ಗಳೇ. ಮೂವರ ಬಳಿಯೂ ವರ್ಲ್ಡ್ ಸೀರೀಸ್ (ದೊಡ್ಡ ಲೀಗ್‌ನ ಕೊನೆಯ ಫೈನಲ್) ಗೆದ್ದವರ ಉಂಗುರ ಇದೆ. 2000ದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸುವಾಗ, ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾಗಿ, 2004ರಲ್ಲಿ 21ನೇ ವಯಸ್ಸಿಗೆ ದೊಡ್ಡ ಲೀಗ್‌ಗೆ ಬಂದ.

2006ರಲ್ಲಿ ಅವನ ಬ್ಯಾಟಿಂಗ್ ಸರಾಸರಿ ಬರೀ .216. ಅಂಥವನು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ, ನ್ಯಾಷನಲ್ ಲೀಗ್ ಫೈನಲ್‌ನ ಏಳನೇ ಆಟದಲ್ಲಿ, ಒಂಬತ್ತನೇ ಇನಿಂಗ್ಸ್‌ನಲ್ಲಿ 1-1 ಇದ್ದಾಗ ಎರಡು ರನ್ನಿನ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಬಾರಿಸಿದ. 3-1. ಅಲ್ಲಿಗೆ ಮುಗಿಯಲಿಲ್ಲ. ಎದುರಾಳಿ ನ್ಯೂಯಾರ್ಕ್ ಮೆಟ್ಸ್ ಸರದಿ ಬಂತು, ಇಬ್ಬರು ಔಟ್, ಮೂರೂ ಬೇಸ್ ತುಂಬಿವೆ, ಬ್ಯಾಟ್ ಹಿಡಿದು ನಿಂತವನು ಕಾರ್ಲೋಸ್ ಬೆಲ್ಟ್ರಾನ್. ನಮ್ಮ ಪಿಚರ್ ಆಡಮ್ ವೇನ್‌ರೈಟ್ ಇನ್ನೂ ಹೊಸ ಹುಡುಗ. ಮೂರೇ ಎಸೆತ. ಕೊನೆಯದು ಕರ್ವ್‌ಬಾಲ್, ಮೇಲಿಂದ ಬಿದ್ದು ಮೊಲಿನಾ ಗ್ಲೋವ್ ಸೇರಿತು. ಬೆಲ್ಟ್ರಾನ್ ಬ್ಯಾಟ್ ಬೀಸಲೇ ಇಲ್ಲ, ಔಟ್. ಆ ವರ್ಷ ವರ್ಲ್ಡ್ ಸೀರೀಸ್ ನಮ್ಮದೇ ಆಯಿತು. ಮುಂದೆ ವೇನ್‌ರೈಟ್-ಮೊಲಿನಾ ಜೋಡಿ ಒಟ್ಟು 328 ಆಟ ಶುರು ಮಾಡಿತು, ಅದು ದಾಖಲೆ.

ತಾಳುವ ಪ್ರಶ್ನೆಗೆ ಬಂದರೆ, ಮೊಲಿನಾ 19 ಸೀಸನ್ ಒಂದೇ ತಂಡಕ್ಕೆ ಆಡಿದ. ಎಲ್ಲರಿಗೂ ಆ ಭಾಗ್ಯ ಇಲ್ಲ. ಅವನಿಗಿಂತ ಮೊದಲು ನಮ್ಮ ಕ್ಯಾಚರ್ ಆಗಿದ್ದ ಮೈಕ್ ಮ್ಯಾಥೀನಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. 2006ರಲ್ಲಿ ಬ್ಯಾಟ್ ಸವರಿ ಬಂದ ಬಾಲ್‌ಗಳು ಮಾಸ್ಕ್‌ಗೆ ಬಡಿದೂ ಬಡಿದೂ ಮಿದುಳಿಗೆ ಪೆಟ್ಟಾಗಿ ಆಟ ನಿಲ್ಲಿಸಬೇಕಾಯಿತು. ಮಿನೆಸೋಟಾದ ಜೋ ಮಾವರ್‌ಗೂ 2013ರಲ್ಲಿ ಹೀಗೇ ಆಗಿ, ಮರುವರ್ಷದಿಂದ ಫಸ್ಟ್ ಬೇಸ್‌ನಲ್ಲಿ ನಿಂತ.

ಆರ್ಲಿಂಗ್ಟನ್ ಗೌಡ:
ಅಣ್ಣ, ಡಲ್ಲಾಸ್‌ನಲ್ಲಿರುವ ಅಕ್ಕನಿಗೆ ಮೊಲಿನಾ ಪುರಾಣ ಹೇಳುತ್ತೀರಲ್ಲ, ನಮ್ಮೂರ ತಂಡ ರೇಂಜರ್ಸ್‌ನ ಕ್ಯಾಚರ್ ಇವಾನ್ ರೊಡ್ರಿಗೆಜ್ ಎಲ್ಲಿ ಹೋದ? 13 ಗೋಲ್ಡ್ ಗ್ಲೋವ್ (ಫೀಲ್ಡಿಂಗ್ ಪ್ರಶಸ್ತಿ), 1999ರ ಎಂವಿಪಿ, ಅಂದರೆ ಲೀಗ್‌ನ ಶ್ರೇಷ್ಠ ಆಟಗಾರ. ಕ್ಯಾಚರ್ ಆಗಿ 2,427 ಆಟ, ಅದನ್ನು ಇನ್ನೂ ಯಾರೂ ಮುರಿದಿಲ್ಲ. ನಿಮ್ಮವನು 19 ಸೀಸನ್‌ನಲ್ಲಿ ಹೊಡೆದದ್ದು 176 ಹೋಮ್ ರನ್. ಅಷ್ಟಕ್ಕೆ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸಿಗುತ್ತಾ?

ದಾವಣಗೆರೆ ಕಾರ್ಡಿನಲ್:
ಗೌಡ್ರೇ, ರೊಡ್ರಿಗೆಜ್ ದೊಡ್ಡವನೇ, ತಕರಾರಿಲ್ಲ. ಆದರೆ ಕ್ಯಾಚರ್‌ನನ್ನು ಹೋಮ್ ರನ್ ಎಣಿಸಿ ಅಳೆಯಬೇಡಿ. ಒಂಬತ್ತು ಗೋಲ್ಡ್ ಗ್ಲೋವ್ ಸುಮ್ನೆ ಬರಲ್ಲ. ಮೊಲಿನಾ ಹೆಸರು 2028ರಲ್ಲಿ ಹಾಲ್ ಆಫ್ ಫೇಮ್ ಮತದಾನಕ್ಕೆ ಬರುತ್ತದೆ, ಆಗ ಜಗಳ ಆಡೋಣ.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್. ಮಂಡಿ ಚಿಂತೆ ಒಂದೇ ಇತ್ತು, ಈಗ ತಲೆ ಚಿಂತೆಯೂ ಸೇರಿತು! ಏನು ಮಾಡಲಿ ಹೇಳಿ.

ದಾವಣಗೆರೆ ಕಾರ್ಡಿನಲ್:
ಹೆದರಿಸುವುದಕ್ಕೆ ಹೇಳಿದ್ದಲ್ಲ ಮೇಡಂ. ಈಗ ದೊಡ್ಡ ಲೀಗ್‌ನಲ್ಲೇ ಹೆಚ್ಚಿನವರು ಒಂದು ಮಂಡಿ ನೆಲಕ್ಕೆ ಊರಿ ಕೂರುತ್ತಾರೆ, ಅದನ್ನು ಕೋಚ್ ಹತ್ತಿರ ಕೇಳಿ. ಒಂದೇ ಹುಡುಗನನ್ನು ಎಲ್ಲಾ ಆಟಕ್ಕೂ ಕೂರಿಸಬೇಡಿ ಅಂತಲೂ ಹೇಳಿ. ನಾಲ್ಕು ಇನಿಂಗ್ಸ್ ಕ್ಯಾಚರ್ ಆದವನು ಅದೇ ದಿನ ಪಿಚ್ ಮಾಡುವ ಹಾಗಿಲ್ಲ ಅಂತ ಲಿಟಲ್ ಲೀಗ್ ನಿಯಮವೇ ಇದೆ. ಕೆಲವು ಕೋಚ್‌ಗಳು ಗೆಲ್ಲುವ ಆಸೆಯಲ್ಲಿ ಮರೆಯುತ್ತಾರೆ, ನೀವು ಎಣಿಸುತ್ತಿರಿ. ಮಾಸ್ಕ್ ಅಳತೆಗೆ ಸರಿಯಾಗಿರಲಿ, ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತರಬೇಡಿ.

ಇನ್ನೊಂದು, ಕಪ್, ಅಂದರೆ ತೊಡೆ ಸಂದಿಗೆ ಹಾಕುವ ಗಾರ್ಡ್. 2018ರ ಮೇ ತಿಂಗಳಲ್ಲಿ ಗಂಟೆಗೆ 102 ಮೈಲಿ ವೇಗದ ಎಸೆತ ಬ್ಯಾಟ್ ಸವರಿ ಮೊಲಿನಾಗೆ ತಗಲಬಾರದ ಜಾಗಕ್ಕೆ ತಗಲಿತು. ಅದೇ ರಾತ್ರಿ ಆಪರೇಷನ್, ಒಂದು ತಿಂಗಳು ಆಟ ಇಲ್ಲ. ಹುಡುಗರು ಕ್ಯಾಚರ್ ಆದರೆ ಕಪ್ ಕಡ್ಡಾಯ. ಅವನಿಗೆ ಹೇಳಲು ನಾಚಿಕೆ ಆಗಬಹುದು, ಯಜಮಾನರನ್ನೇ ಅಂಗಡಿಗೆ ಕಳಿಸಿ.